ಸಣ್ಣ ಊರಿಗೆ ಬಂದ ಕುಟುಂಬ ವೈದ್ಯರು ಏಕೆ ಉಳಿಯುವುದಿಲ್ಲ? ಉಳಿಸಿಕೊಳ್ಳಲು ಊರಿನವರು ಏನು ಮಾಡಬಹುದು?

ಹೊಸ ಬಾಗಿಲು (ಚರ್ಚೆ ಆರಂಭಿಸಿದವರು)

ಕೆಲವೇ ಸಾವಿರ ಜನರಿರುವ ಊರುಗಳಲ್ಲಿ ಕುಟುಂಬ ವೈದ್ಯರ ಹುದ್ದೆ ಭರ್ತಿ ಮಾಡುವ ಕೆಲಸದಲ್ಲಿ ತೊಡಗಿರುವವರಲ್ಲಿ ನಾನೂ ಒಬ್ಬ. ಎಲ್ಲ ಕಡೆಯೂ ಅದೇ ಪಾಡು. ಜಾಹೀರಾತು ಹೋಗುತ್ತದೆ, ತಿಂಗಳುಗಟ್ಟಲೆ ಒಂದು ಅರ್ಜಿಯೂ ಬರುವುದಿಲ್ಲ, ಕೊನೆಗೂ ಒಬ್ಬರು ಬರುತ್ತಾರೆ. ಊರಿಗೆ ಜೀವ ಬಂದಂತಾಗುತ್ತದೆ. ವರ್ಷ, ಒಂದೂವರೆ ವರ್ಷ ಕಳೆಯುವಷ್ಟರಲ್ಲಿ ಅವರು ಗಂಟುಮೂಟೆ ಕಟ್ಟುತ್ತಾರೆ. ಮತ್ತೆ ಜಾಹೀರಾತು.

ಹೋದವರ ಮೇಲೆ ಹೊರಿಸುವ ಆರೋಪವೂ ಅದೇ: ದುಡ್ಡಿನಾಸೆ, ಪಟ್ಟಣದ ಸೆಳೆತ, ಸೇವಾಮನೋಭಾವದ ಕೊರತೆ. ನಾನು ಇದನ್ನು ಒಪ್ಪುವುದಿಲ್ಲ. ಒಬ್ಬೊಬ್ಬರಾಗಿ ಎಲ್ಲರೂ ಬಿಟ್ಟು ಹೋಗುವ ಹುದ್ದೆಯಲ್ಲಿ ದೋಷ ಹುದ್ದೆಯದೇ ಇರಬೇಕು. ಒಬ್ಬರೇ ಹಗಲೂ ರಾತ್ರಿ ಹೊರಬೇಕಾದ ಭಾರವನ್ನು ಇಟ್ಟುಕೊಂಡು, ಅದನ್ನು ಹೊರುವ ಮಹಾನುಭಾವರಿಗಾಗಿ ಕಾಯುತ್ತಿದ್ದೇವೆ ಎನ್ನುವುದು ನನ್ನ ಅನಿಸಿಕೆ.

ಇದು ಒಂದೆರಡು ಊರಿನ ಗೋಳಲ್ಲ. ವಿಶ್ವ ಆರೋಗ್ಯ ಸಂಸ್ಥೆ ಈ ವಿಷಯಕ್ಕಾಗಿಯೇ 2010ರಲ್ಲಿ ಶಿಫಾರಸುಗಳನ್ನು ಹೊರತಂದಿತು. ಜಗತ್ತಿನ ಸುಮಾರು ಅರ್ಧದಷ್ಟು ಜನ ಗ್ರಾಮೀಣ ಭಾಗದಲ್ಲಿದ್ದರೂ ಅವರ ಪಾಲಿಗಿರುವುದು ಒಟ್ಟು ವೈದ್ಯರಲ್ಲಿ ಕಾಲು ಭಾಗಕ್ಕಿಂತ ಕಡಿಮೆ ಎಂದು ಅದರಲ್ಲಿ ಹೇಳಲಾಗಿತ್ತು. ಶಿಕ್ಷಣ, ಕಾನೂನು, ಹಣಕಾಸಿನ ಪ್ರೋತ್ಸಾಹ, ವೃತ್ತಿ ಮತ್ತು ಬದುಕಿಗೆ ಬೇಕಾದ ಬೆಂಬಲ ಎಂದು ನಾಲ್ಕು ದಾರಿಗಳನ್ನು ಅದು ಗುರುತಿಸಿತು. 2021ರಲ್ಲಿ ಆ ಮಾರ್ಗಸೂಚಿಯನ್ನು ಪರಿಷ್ಕರಿಸಲಾಯಿತು. ಮೊದಲ ಮೂರು ಹೆಚ್ಚಾಗಿ ಸರ್ಕಾರದ ಕೈಯಲ್ಲಿವೆ. ನಾಲ್ಕನೆಯದರಲ್ಲಿ ಊರಿನವರ ಪಾಲು ದೊಡ್ಡದು. ಅದರ ಬಗ್ಗೆಯೇ ಮಾತಾಡೋಣ ಎಂದು ಈ ಎಳೆ ಆರಂಭಿಸಿದ್ದೇನೆ. ಸಣ್ಣ ಊರಿನಲ್ಲಿ ಕೆಲಸ ಮಾಡಿದ ವೈದ್ಯರು ಇಲ್ಲಿದ್ದರೆ ದಯವಿಟ್ಟು ಮನಬಿಚ್ಚಿ ಬರೆಯಿರಿ. ನೀವು ಏಕೆ ಹೋದಿರಿ? ಅಥವಾ ಏಕೆ ಉಳಿದಿರಿ?


ಸ್ಟೆತಸ್ಕೋಪ್

ನಾನು ಸಣ್ಣ ಊರಿನಲ್ಲಿ ಕುಟುಂಬ ವೈದ್ಯೆಯಾಗಿದ್ದೆ, ಬಿಟ್ಟು ಬಂದೆ, ಈಗ ಇನ್ನೊಂದು ಸಣ್ಣ ಊರಿನಲ್ಲಿ ನೆಮ್ಮದಿಯಾಗಿದ್ದೇನೆ. ಎರಡನ್ನೂ ಕಂಡಿರುವುದರಿಂದ ಬರೆಯುತ್ತಿದ್ದೇನೆ.

ಮೊದಲ ಊರಿನಲ್ಲಿ ಸಂಬಳ ಚೆನ್ನಾಗಿಯೇ ಇತ್ತು. ಜನ ಪ್ರೀತಿಯಿಂದಿದ್ದರು. ನನ್ನನ್ನು ಹಣ್ಣುಗಾಯಿ ಮಾಡಿದ್ದು ರಾತ್ರಿಗಳು. ಹಗಲಿಡೀ ಹೊರರೋಗಿಗಳನ್ನು ನೋಡಿ, ಸಂಜೆ ಕಡತಗಳನ್ನು ಬರೆದು ಮುಗಿಸಿ ಮಲಗಿದರೆ ಎರಡು ಗಂಟೆಗೆ ಫೋನ್. ಎದೆನೋವು ಎನ್ನುತ್ತಾರೆ. ಎದ್ದು ಹೋಗುತ್ತೇನೆ. ಇಸಿಜಿ ತೆಗೆಯುತ್ತೇನೆ. ಹಾಳೆಯ ಮೇಲಿನ ಗೆರೆ ಪೂರ್ತಿ ಸರಿಯಾಗಿಯೂ ಇಲ್ಲ, ಖಚಿತವಾಗಿ ಕೆಟ್ಟೂ ಇಲ್ಲ. ದೊಡ್ಡ ಆಸ್ಪತ್ರೆ ಗಂಟೆಗಳ ದಾರಿ. ಕಳುಹಿಸಿದರೆ ಆಂಬುಲೆನ್ಸ್ ಬೆಳಗಿನವರೆಗೆ ಊರಿನಲ್ಲಿ ಇರುವುದಿಲ್ಲ, ಅಷ್ಟರಲ್ಲಿ ಹೆರಿಗೆ ಬಂದರೆ? ಕಳುಹಿಸದಿದ್ದರೆ, ಇವರಿಗೇ ಏನಾದರೂ ಆದರೆ? ದೊಡ್ಡ ಆಸ್ಪತ್ರೆಯಲ್ಲಿ ಪಕ್ಕದಲ್ಲಿ ನಿಂತವರಿಗೆ ಆ ಹಾಳೆಯನ್ನು ತೋರಿಸಿ "ಒಮ್ಮೆ ನೋಡಿ" ಎಂದರೆ ಮುಗಿಯಿತು. ಅಲ್ಲಿ ಪಕ್ಕದಲ್ಲಿ ಯಾರೂ ಇರಲಿಲ್ಲ. ಬೆಳಗ್ಗೆ ಎಂಟಕ್ಕೆ ಮತ್ತೆ ಹೊರರೋಗಿಗಳ ಸಾಲು.

ಕೆಲಸ ಹೆಚ್ಚಿತ್ತು ಎಂಬುದು ಅರ್ಧ ಮಾತು. ಪ್ರತಿ ನಿರ್ಧಾರವನ್ನೂ ಒಬ್ಬಳೇ ಹೊರಬೇಕಿತ್ತು ಎಂಬುದು ಪೂರ್ತಿ ಮಾತು. ರಜೆ ಎಂಬುದು ಕಾಗದದ ಮೇಲಿತ್ತು. ಬದಲಿ ವೈದ್ಯರು ಸಿಕ್ಕರೆ ಮಾತ್ರ ರಜೆ, ಬದಲಿಯವರನ್ನು ಹುಡುಕುವ ಹೊಣೆಯೂ ನನ್ನದೇ.

ಈಗಿರುವ ಊರಿನಲ್ಲಿ ಸಂಬಳ ಹೆಚ್ಚೇನೂ ಇಲ್ಲ. ಆದರೆ ಅಕ್ಕಪಕ್ಕದ ಊರುಗಳ ವೈದ್ಯರು ಸೇರಿ ರಾತ್ರಿ ಪಾಳಿ ಹಂಚಿಕೊಂಡಿದ್ದೇವೆ. ನನ್ನ ಪಾಳಿಯಲ್ಲದ ರಾತ್ರಿ ನನ್ನ ಫೋನ್ ಬಡಿದುಕೊಳ್ಳುವುದಿಲ್ಲ. ನಾನು ಉಳಿದಿರುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.


ದೂರದ ದಾರಿ

ಡಾಕ್ಟರೇ, ನಿಮ್ಮ ಕಷ್ಟ ಅರ್ಥವಾಗುತ್ತದೆ. ನನ್ನ ತಂದೆಯವರಿಗೆ ಬಿಪಿ, ಸಕ್ಕರೆ ಕಾಯಿಲೆ ಎರಡೂ ಇವೆ. ಹೋದ ಸಲ ತೋರಿಸಿದ ವೈದ್ಯರು ಈ ಸಲ ಇರುವುದಿಲ್ಲ. ಹೊಸಬರು ಬಂದಾಗ ಮೊದಲಿನಿಂದ ಎಲ್ಲವನ್ನೂ ಹೇಳಬೇಕು. ಒಬ್ಬರು ನಿಲ್ಲಿಸಿದ ಮಾತ್ರೆಯನ್ನು ಇನ್ನೊಬ್ಬರು ಮತ್ತೆ ಆರಂಭಿಸುತ್ತಾರೆ. ಅಪ್ಪನಿಗೆ ಈಗ ಯಾರ ಮಾತಿನ ಮೇಲೂ ನಂಬಿಕೆ ಉಳಿದಿಲ್ಲ. ನಾವು ಎಲ್ಲಿಯವರೆಗೆ ಕಾಯಬೇಕು? ಸಾರ್ವಜನಿಕರ ಹಣದಲ್ಲಿ ಓದಿದವರಿಂದ ಬಾಂಡ್ ಬರೆಸಿಕೊಂಡು ಐದೋ ಹತ್ತೋ ವರ್ಷ ಕಡ್ಡಾಯವಾಗಿ ಕಳುಹಿಸಲಿ. ಸೈನಿಕರನ್ನು ಕಳುಹಿಸುವುದಿಲ್ಲವೇ? ಇದರಲ್ಲಿ ತಪ್ಪೇನಿದೆ?


ಲೆಕ್ಕದ ಪುಸ್ತಕ

ದೂರದ ದಾರಿಯವರ ಸಿಟ್ಟು ನ್ಯಾಯವಾದದ್ದು. ಕಡ್ಡಾಯ ಸೇವೆಯನ್ನು ಪೂರ್ತಿ ತಳ್ಳಿಹಾಕುವವನೂ ನಾನಲ್ಲ. ದಕ್ಷಿಣ ಆಫ್ರಿಕದಲ್ಲಿ 1998ರಿಂದ ಹೊಸ ವೈದ್ಯರೆಲ್ಲ ಒಂದು ವರ್ಷ ಸಮುದಾಯ ಸೇವೆ ಮಾಡಬೇಕು. ಖಾಲಿ ಕುರ್ಚಿ ತುಂಬಲು ಅದು ನೆರವಾಗುತ್ತದೆ. ಆದರೆ ನೀವು ಹೇಳಿದ ಕಷ್ಟ, ಅಂದರೆ ಹೋದ ಸಲ ಇದ್ದವರು ಈ ಸಲ ಇಲ್ಲದಿರುವುದು, ಒಂದು ವರ್ಷದ ಸೇವೆಯಿಂದ ತೀರುತ್ತದೆಯೇ? ಪ್ರತಿ ವರ್ಷ ಹೊಸ ಮುಖ ಬರುವುದು ಅದರ ನಿಯಮದಲ್ಲೇ ಇದೆ.

ವಿದ್ಯಾರ್ಥಿವೇತನ ಅಥವಾ ಸಾಲ ಮನ್ನಾಕ್ಕೆ ಬದಲಾಗಿ ಸೇವೆ ಎಂಬ ಯೋಜನೆಗಳ ಬಗ್ಗೆ 2009ರಲ್ಲಿ ಒಂದು ದೊಡ್ಡ ಪರಿಶೀಲನೆ ಪ್ರಕಟವಾಯಿತು. ಅದರಲ್ಲಿ ಕಂಡದ್ದು ಗಮನಿಸುವಂತಿದೆ. ಇಂಥ ಯೋಜನೆಗೆ ಸೇರಿದವರು ಮುಂದೆಯೂ ವೈದ್ಯರ ಕೊರತೆಯಿರುವ ಪ್ರದೇಶಗಳಲ್ಲೇ ಕೆಲಸ ಮಾಡುವುದು ಉಳಿದವರಿಗಿಂತ ಹೆಚ್ಚು. ಆದರೆ ಮೊದಲು ನೇಮಕವಾದ ಅದೇ ಜಾಗದಲ್ಲಿ ಉಳಿಯುವುದು ಉಳಿದವರಿಗಿಂತ ಕಡಿಮೆ. ಹಣ ಕೆಲಸ ಮಾಡುವುದಿಲ್ಲ ಎನ್ನುವವರೂ, ಹಣವೊಂದಿದ್ದರೆ ಸಾಕು ಎನ್ನುವವರೂ ಇದನ್ನು ಓದಬೇಕು.

ಜಪಾನಿನ ಜಿಚಿ ವೈದ್ಯಕೀಯ ವಿಶ್ವವಿದ್ಯಾಲಯದ ಉದಾಹರಣೆ ನನಗೆ ಬಹಳ ಇಷ್ಟ. 1972ರಲ್ಲಿ ಗ್ರಾಮೀಣ ವೈದ್ಯರನ್ನು ತಯಾರು ಮಾಡುವುದಕ್ಕೆಂದೇ ಅದನ್ನು ಕಟ್ಟಿದರು. ಅಲ್ಲಿನ 47 ಪ್ರಾಂತ್ಯಗಳಲ್ಲಿ ಪ್ರತಿಯೊಂದರಿಂದಲೂ ಎರಡು ಮೂರು ವಿದ್ಯಾರ್ಥಿಗಳನ್ನು ಆರಿಸುತ್ತಾರೆ. ಓದಿನ ಖರ್ಚು ಪ್ರಾಂತ್ಯದ್ದು. ಓದು ಮುಗಿದ ಮೇಲೆ ಸಾಮಾನ್ಯವಾಗಿ ಒಂಬತ್ತು ವರ್ಷ ತಮ್ಮ ಪ್ರಾಂತ್ಯದಲ್ಲೇ ಸೇವೆ, ಅದರಲ್ಲಿ ಒಂದಷ್ಟು ವರ್ಷ ಹಳ್ಳಿಗಾಡಿನಲ್ಲಿ. ಇದೂ ಒಂದು ಬಗೆಯ ಬಾಂಡೇ. ಆದರೆ ಆಯ್ಕೆಯ ದಿನವೇ ವಿದ್ಯಾರ್ಥಿಗೆ ತಾನು ಯಾವ ಕೆಲಸಕ್ಕೆ ಓದುತ್ತಿದ್ದೇನೆ ಎಂಬುದು ಗೊತ್ತು, ತನ್ನ ಸೀಮೆಗೇ ಮರಳುತ್ತೇನೆ ಎಂಬುದೂ ಗೊತ್ತು. ಕೊನೆಯಲ್ಲಿ ಹೇರಿದ ಶಿಕ್ಷೆಗೂ ಮೊದಲೇ ಒಪ್ಪಿಕೊಂಡ ಹೊಣೆಗೂ ಅಜಗಜಾಂತರ.

ಹೊರಗಿನಿಂದ ಗುಂಪಾಗಿ ತಂದ ವೈದ್ಯರನ್ನೇ ನೆಚ್ಚಿಕೊಳ್ಳುವುದರ ಅಪಾಯಕ್ಕೆ ಬ್ರೆಜಿಲ್ ಸಾಕ್ಷಿ. 2013ರ ಯೋಜನೆಯಲ್ಲಿ ಸಾವಿರಾರು ಕ್ಯೂಬಾ ವೈದ್ಯರು ಬಂದರು, ಯಾರೂ ಹೋಗದ ಊರುಗಳಿಗೂ ಹೋದರು, ಒಳ್ಳೆಯ ಕೆಲಸವನ್ನೂ ಮಾಡಿದರು. 2018ರ ಕೊನೆಯಲ್ಲಿ ಬ್ರೆಜಿಲ್‌ನಲ್ಲಿ ಅಧ್ಯಕ್ಷರಾಗಿ ಹೊಸದಾಗಿ ಆಯ್ಕೆಯಾದವರಿಗೂ ಕ್ಯೂಬಾ ಸರ್ಕಾರಕ್ಕೂ ನಡುವೆ ಸಂಬಂಧ ಹಳಸಿತು. ಕ್ಯೂಬಾ ಅವರನ್ನು ವಾಪಸ್ ಕರೆಸಿಕೊಂಡಿತು. ಆ ಊರುಗಳ ರೋಗಿಗಳು ಮಾಡಿದ ತಪ್ಪೇನು?


ಜೊತೆಗಾತಿ

ಈ ಚರ್ಚೆಗಳಲ್ಲಿ ಯಾವಾಗಲೂ ಬಿಟ್ಟುಹೋಗುವವರ ಪರವಾಗಿ ಬರೆಯುತ್ತಿದ್ದೇನೆ. ನನ್ನ ಪತಿ ವೈದ್ಯರು. ಅವರು ಹೋದ ಊರುಗಳಿಗೆಲ್ಲ ನಾನೂ ಹೋಗಿದ್ದೇನೆ.

ಸಂದರ್ಶನಕ್ಕೆ ಕರೆದಾಗ ಚಿಕಿತ್ಸಾಲಯ ತೋರಿಸುತ್ತಾರೆ, ಯಂತ್ರಗಳನ್ನು ತೋರಿಸುತ್ತಾರೆ, ಗಣ್ಯರನ್ನು ಪರಿಚಯಿಸುತ್ತಾರೆ. "ನೀವು ಏನು ಓದಿದ್ದೀರಿ, ಇಲ್ಲಿ ನಿಮಗೆ ಯಾವ ಕೆಲಸ ಸಿಗಬಹುದು" ಎಂದು ನನ್ನನ್ನು ಒಂದು ಊರಿನವರೂ ಕೇಳಿದ್ದಿಲ್ಲ. ನಾನು ಲೆಕ್ಕಪತ್ರ ವಿಷಯದಲ್ಲಿ ಪದವಿ ಪಡೆದವಳು. ಒಂದು ಊರಿನಲ್ಲಿ ಸಹಕಾರ ಸಂಘಕ್ಕೆ ಲೆಕ್ಕಿಗರೇ ಇರಲಿಲ್ಲ, ಅವರು ಪಟ್ಟಣದಿಂದ ಯಾರನ್ನೋ ಕರೆಸುತ್ತಿದ್ದರು. ಅದು ನನಗೆ ಗೊತ್ತಾದದ್ದು ನಾವು ಹೊರಡುವ ತಿಂಗಳಲ್ಲಿ.

ಇನ್ನೊಂದು ಮಾತು, ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ಸಣ್ಣ ಊರಿನಲ್ಲಿ ವೈದ್ಯರ ಮನೆಗೆ ಬಾಗಿಲೇ ಇರುವುದಿಲ್ಲ. ಅಂಗಡಿಯಲ್ಲಿ ನಿಂತಾಗ ರಕ್ತಪರೀಕ್ಷೆಯ ವರದಿ ಕೈಗಿಡುತ್ತಾರೆ. ಮಗುವಿನ ಶಾಲೆಯ ಕಾರ್ಯಕ್ರಮದಲ್ಲಿ ಮೊಣಕಾಲು ತೋರಿಸುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ, ನನಗೆ ಗೊತ್ತು. ಆದರೆ ನನ್ನ ಪತಿ ಹೊರಗೆ ಹೊರಡುವುದನ್ನೇ ಬಿಟ್ಟರು. ಊರಿನ ಹಿರಿಯರು ಒಂದು ಸಭೆಯಲ್ಲಿ ಎದ್ದು ನಿಂತು, ಚಿಕಿತ್ಸಾಲಯದ ಹೊರಗೆ ವೈದ್ಯರನ್ನು ಕಾಯಿಲೆಯ ವಿಷಯ ಕೇಳಬೇಡಿ ಎಂದು ಹೇಳಿದ್ದರೆ ಸಾಕಿತ್ತು. ಅದನ್ನು ನಾವೇ ಹೇಳಿದರೆ ದುರಹಂಕಾರವಾಗುತ್ತದೆ.


ಹೊಸ ಬಾಗಿಲು

ಜೊತೆಗಾತಿಯವರೇ, ನಿಮ್ಮ ಎರಡನೆಯ ಮಾತನ್ನು ಬರೆದಿಟ್ಟುಕೊಂಡಿದ್ದೇನೆ. ಇದಕ್ಕೆ ಅನುದಾನ ಬೇಕಿಲ್ಲ, ಸರ್ಕಾರದ ಆದೇಶವೂ ಬೇಕಿಲ್ಲ.


ಪಾಳಿಯ ದಾದಿ

ಎಷ್ಟೋ ವೈದ್ಯರು ಬಂದು ಹೋದದ್ದನ್ನು ನೋಡಿದವಳು ನಾನು. ಅವರೆಲ್ಲ ಹೋದ ಮೇಲೂ ಅದೇ ಕೋಣೆಯಲ್ಲಿ ಉಳಿಯುವವರು ನಾವು. ವೈದ್ಯರನ್ನು ಉಳಿಸಿಕೊಳ್ಳುವ ಮಾತು ಬಂದಾಗ ದಾದಿಯರನ್ನೂ ಉಳಿಸಿಕೊಳ್ಳುವ ಮಾತನ್ನು ಸೇರಿಸಿ. ಅನುಭವವಿರುವ ಒಬ್ಬ ದಾದಿ ಇದ್ದರೆ ವೈದ್ಯರ ಅರ್ಧ ಭಾರ ಇಳಿಯುತ್ತದೆ.

ಹೇಗೆ ಎಂದು ಕೇಳಿದರೆ, ಒಂದು ಬೆಳಗ್ಗೆ ಬಂದು ನೋಡಿ. ಸಾಲಿನಲ್ಲಿ ಕೂತಿರುವವರಲ್ಲಿ ಬಹಳ ಮಂದಿ ಬಿಪಿ ನೋಡಿಸಲು, ಮಾತ್ರೆ ಚೀಟಿ ಮುಂದುವರಿಸಲು, ಗಾಯದ ಪಟ್ಟಿ ಬದಲಾಯಿಸಲು ಬಂದವರು. ಇದನ್ನೆಲ್ಲ ನಾವು ನೋಡಿಕೊಂಡು, ಅಂಕಿ ಏರುಪೇರಾದವರನ್ನು ಮಾತ್ರ ಒಳಗೆ ಕಳುಹಿಸಿದರೆ ವೈದ್ಯರಿಗೆ ನಿಜವಾಗಿ ಕಷ್ಟದಲ್ಲಿರುವವರ ಹತ್ತಿರ ಕೂತು ಮಾತಾಡಲು ಸಮಯ ಸಿಗುತ್ತದೆ. ಬ್ರೆಜಿಲ್ ಹೆಸರು ಬಂತಲ್ಲ, ಅಲ್ಲಿ 1994ರಲ್ಲಿ ಆರಂಭವಾದ ಕುಟುಂಬ ಆರೋಗ್ಯ ಕಾರ್ಯಕ್ರಮದ ತಳಪಾಯವೇ ತಂಡ. ಒಬ್ಬ ವೈದ್ಯರು, ಒಬ್ಬ ದಾದಿ, ಸಹಾಯಕರು, ಮನೆಮನೆಗೆ ಹೋಗುವ ಸಮುದಾಯ ಆರೋಗ್ಯ ಕಾರ್ಯಕರ್ತರು ಸೇರಿ ಕೆಲವು ಸಾವಿರ ಜನರನ್ನು ನೋಡಿಕೊಳ್ಳುತ್ತಾರೆ.

ಒಬ್ಬರೇ ವೈದ್ಯರು ಬಹುಕಾಲ ಇರುವುದರಿಂದ ಏನಾಗುತ್ತದೆ ಎಂಬುದನ್ನು ನಾರ್ವೆ ದೇಶ ಅಳೆದು ತೋರಿಸಿದೆ. ಅಲ್ಲಿ 2001ರಿಂದ ಪ್ರತಿಯೊಬ್ಬರಿಗೂ ಹೆಸರು ಹೇಳಿ ಗೊತ್ತುಮಾಡಿದ ಕುಟುಂಬ ವೈದ್ಯರನ್ನು ಪಡೆಯುವ ಹಕ್ಕಿದೆ. 2022ರಲ್ಲಿ ಮುದ್ರಣಗೊಂಡ ಅಧ್ಯಯನದಲ್ಲಿ, ಒಬ್ಬರೇ ವೈದ್ಯರ ಬಳಿ 15 ವರ್ಷಕ್ಕಿಂತ ಹೆಚ್ಚು ಕಾಲ ಇದ್ದವರನ್ನು ಹೊಸದಾಗಿ ವೈದ್ಯರನ್ನು ಪಡೆದವರ ಜೊತೆ ಹೋಲಿಸಿದರು. ತುರ್ತಾಗಿ ಆಸ್ಪತ್ರೆ ಸೇರುವ ಸಂಭವ ಸುಮಾರು ಶೇ. 28ರಷ್ಟು, ಸಾವಿನ ಸಂಭವ ಶೇ. 25ರಷ್ಟು ಕಡಿಮೆ ಇತ್ತು. ಪರಿಚಯವೇ ಇದಕ್ಕೆಲ್ಲ ಕಾರಣ ಎಂದು ಇಂಥ ಅಧ್ಯಯನದಿಂದ ಸಾಬೀತಾಗುವುದಿಲ್ಲ, ಆದರೆ ವರ್ಷ ಹೆಚ್ಚಿದಂತೆ ಅನುಕೂಲವೂ ಹೆಚ್ಚುತ್ತಾ ಹೋಗಿದೆ. ನನಗಂತೂ ಆಶ್ಚರ್ಯವಾಗಲಿಲ್ಲ. "ಏನೂ ಇಲ್ಲ ಡಾಕ್ಟರೇ, ಸ್ವಲ್ಪ ಸುಸ್ತು" ಎಂದು ಹೇಳುವ ಮನುಷ್ಯ ಎಂದೂ ಸುಸ್ತು ಎನ್ನುವವನಲ್ಲ ಎಂಬುದು ಹಳಬರಿಗೆ ಮಾತ್ರ ಗೊತ್ತಿರುತ್ತದೆ.


ಕೊನೆಯ ವರ್ಷ

ನಾನು ವೈದ್ಯಕೀಯ ವಿದ್ಯಾರ್ಥಿನಿ, ಓದು ಮುಗಿಯುತ್ತಾ ಬಂದಿದೆ. ಹಿರಿಯರ ನಡುವೆ ಬರೆಯಲು ಸಂಕೋಚವಿದೆ, ಆದರೂ ನೀವು ಕರೆಯಲು ಹೊರಟಿರುವುದು ನಮ್ಮನ್ನೇ ಅಲ್ಲವೇ.

ನಮಗೆ ಪಾಠ ಹೇಳುವವರೆಲ್ಲ ತಜ್ಞರು. ಹೃದಯ, ನರ, ಮೂಳೆ ಎಂದು ಒಬ್ಬೊಬ್ಬರಿಗೆ ಒಂದೊಂದು. ಒಳ್ಳೆಯ ಅಂಕ ಬಂದರೆ "ಯಾವ ವಿಷಯದಲ್ಲಿ ಸ್ನಾತಕೋತ್ತರ" ಎಂದೇ ಕೇಳುತ್ತಾರೆ. ಕುಟುಂಬ ವೈದ್ಯೆಯಾಗುತ್ತೇನೆ ಎಂದರೆ, ಏಕೆ, ಸೀಟು ಸಿಗಲಿಲ್ಲವೇ ಎನ್ನುತ್ತಾರೆ. ಬೆಳಗಿನಿಂದ ಸಂಜೆಯವರೆಗೆ ಕುಟುಂಬ ವೈದ್ಯರೊಬ್ಬರ ಪಕ್ಕದಲ್ಲಿ ಕೂರುವ ಅವಕಾಶ ನಮಗೆ ಸಿಗುವುದೇ ಅಪರೂಪ. ಕಂಡೇ ಇರದ ಬದುಕನ್ನು ಆರಿಸಿಕೊಳ್ಳುವುದು ಹೇಗೆ?

ಆಸ್ಟ್ರೇಲಿಯದ ಫ್ಲಿಂಡರ್ಸ್ ವಿಶ್ವವಿದ್ಯಾಲಯ 1997ರಲ್ಲಿ ಒಂದು ಪ್ರಯೋಗ ಆರಂಭಿಸಿತು. ಕೆಲವು ವಿದ್ಯಾರ್ಥಿಗಳು ಒಂದು ಇಡೀ ವರ್ಷ ಸಣ್ಣ ಊರಿನ ವೈದ್ಯರ ಬಳಿಯೇ ಕಲಿಯಬೇಕು. ಪರೀಕ್ಷೆಯಲ್ಲಿ ಹಿಂದೆ ಬೀಳುತ್ತಾರೆ ಎಂಬ ಭಯವಿತ್ತು. ಅವರು ನಗರದ ಸಹಪಾಠಿಗಳಿಗಿಂತ ಹೆಚ್ಚು ಅಂಕ ತೆಗೆದರು. ಅಮೆರಿಕದ ಜೆಫರ್ಸನ್ ವೈದ್ಯಕೀಯ ಕಾಲೇಜು 1974ರಿಂದ, ಗ್ರಾಮೀಣ ಹಿನ್ನೆಲೆಯಿಂದ ಬಂದು ಅಲ್ಲಿಯೇ ಕುಟುಂಬ ವೈದ್ಯರಾಗಬೇಕೆಂದಿರುವವರನ್ನು ಆರಿಸಿ ಓದಿಸುತ್ತಿದೆ. ಹಾಗೆ ಓದಿ ಗ್ರಾಮೀಣ ವೃತ್ತಿ ಹಿಡಿದವರಲ್ಲಿ ಸುಮಾರು ಮೂರನೇ ಎರಡು ಭಾಗದಷ್ಟು ಜನ ಹತ್ತು ವರ್ಷಕ್ಕೂ ಹೆಚ್ಚು ಕಾಲದ ನಂತರವೂ ಅದೇ ಊರುಗಳಲ್ಲಿದ್ದರು. ಅದೇ ಕಾಲೇಜಿನಲ್ಲಿ ಓದಿ ಗ್ರಾಮೀಣ ವೃತ್ತಿಗೆ ಹೋದ ಇತರರಲ್ಲಿ ಹಾಗೆ ಉಳಿದವರು ಅರ್ಧಕ್ಕಿಂತ ಕಡಿಮೆ. ಕೆನಡಾದವರು 2005ರಲ್ಲಿ ಉತ್ತರ ಒಂಟಾರಿಯೊದಲ್ಲಿ ಇದೇ ಉದ್ದೇಶಕ್ಕೆ ಹೊಸ ವೈದ್ಯಕೀಯ ಶಾಲೆಯನ್ನೇ ತೆರೆದರು.

ಹಾಗಾಗಿ ನನ್ನ ಕೋರಿಕೆ ಸರಳ. ಜಾಹೀರಾತು ಹಾಕುವ ಮೊದಲು ನಮ್ಮಂಥ ವಿದ್ಯಾರ್ಥಿಗಳನ್ನು ಕೆಲವು ವಾರ ಕರೆಸಿಕೊಳ್ಳಿ. ಉಳಿಯಲು ಒಂದು ಕೋಣೆ ಕೊಡಿ, ಕಲಿಸುವ ವೈದ್ಯರ ಜೊತೆ ಓಡಾಡಲು ಬಿಡಿ. ನಿಮ್ಮ ಶಾಲೆಯ ಮಕ್ಕಳ ಜೊತೆ ಮಾತಾಡಲು ಹೇಳಿ. ಅವರಲ್ಲಿ ಯಾರಾದರೂ ಒಬ್ಬರು ಮುಂದೆ ನಿಮ್ಮ ವೈದ್ಯರಾಗಬಹುದು.


ದೂರದ ದಾರಿ

ತಂಗಿ, ನೀನು ಹೇಳಿದ್ದು ಮನಸ್ಸಿಗೆ ನಾಟಿತು. ಆದರೆ ಶಾಲೆಯ ಮಗು ವೈದ್ಯರಾಗಿ ಬರಲು ಹತ್ತು ಹದಿನೈದು ವರ್ಷ ಬೇಕು. ಅಪ್ಪನಿಗೆ ಅಷ್ಟು ಸಮಯವಿಲ್ಲ. ಈ ವರ್ಷ ಏನು ಮಾಡಬೇಕು ಎಂಬುದನ್ನೂ ಯಾರಾದರೂ ಹೇಳಿ.


ಸ್ಟೆತಸ್ಕೋಪ್

ಈ ವರ್ಷ ಮಾಡಬಹುದಾದದ್ದನ್ನೇ ಹೇಳುತ್ತೇನೆ.

ಪೂರ್ಣಾವಧಿಗೆ ಒಬ್ಬರು ಸಿಗದಿದ್ದರೆ ಒಂದು ಹುದ್ದೆಯನ್ನು ಇಬ್ಬರಿಗೆ ಹಂಚಿ. ಪಟ್ಟಣದಲ್ಲಿ ಮನೆಯಿರುವ ಇಬ್ಬರು ವೈದ್ಯರು ಸರದಿಯ ಮೇಲೆ ಬಂದು ಹೋಗಲಿ. ವಾರಕ್ಕೊಬ್ಬ ಅಪರಿಚಿತರು ಬರುವುದಕ್ಕಿಂತ ಅದೇ ಇಬ್ಬರು ವರ್ಷಗಟ್ಟಲೆ ಬರುವುದು ಎಷ್ಟೋ ಮೇಲು. ಇಬ್ಬರೂ ಒಂದೇ ಕಡತದಲ್ಲಿ ಬರೆಯಬೇಕು, ಸರದಿ ಬದಲಾಗುವ ದಿನ ಅರ್ಧ ಗಂಟೆ ಜೊತೆಗೆ ಕೂರಬೇಕು. ಯಾರ ಮಾತ್ರೆ ಬದಲಾಯಿತು, ಏಕೆ ಬದಲಾಯಿತು, ಯಾರ ವರದಿ ಬರಬೇಕಿದೆ ಎಂಬುದು ಅಲ್ಲಿಯೇ ತೀರ್ಮಾನವಾಗಲಿ. ನಿಮ್ಮ ತಂದೆಯವರ ಮಾತ್ರೆಯ ಗೊಂದಲಕ್ಕೆ ಮದ್ದು ಇದೇ. ಅಲ್ಲಿಯವರೆಗೆ ನೀವೇ ಒಂದು ಹಾಳೆಯಲ್ಲಿ ಈಗಿನ ಮಾತ್ರೆಗಳ ಹೆಸರು, ಪ್ರಮಾಣ, ನಿಲ್ಲಿಸಿದ ಮಾತ್ರೆ ಮತ್ತು ನಿಲ್ಲಿಸಿದ ಕಾರಣ ಬರೆದು ಪ್ರತಿ ಭೇಟಿಗೂ ಒಯ್ಯಿರಿ.

ಎರಡನೆಯದು, ರಾತ್ರಿ ಎರಡು ಗಂಟೆಗೆ ಕೇಳಲು ಒಬ್ಬ ತಜ್ಞರ ಫೋನ್ ಸಂಖ್ಯೆ. ಅದು ಸ್ನೇಹದ ಮೇಲೆ ನಿಲ್ಲಬಾರದು, ದೊಡ್ಡ ಆಸ್ಪತ್ರೆಯೊಂದಿಗೆ ಬರಹದಲ್ಲಿ ಒಪ್ಪಂದವಾಗಬೇಕು. ದೂರದಿಂದ ನೆರವು ಕೊಟ್ಟರೆ ಸಣ್ಣ ಊರಿನ ವೈದ್ಯರು ಎಷ್ಟು ದೂರ ಹೋಗಬಲ್ಲರು ಎಂಬುದಕ್ಕೆ ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಪ್ರಾಜೆಕ್ಟ್ ಎಕೋ ಒಳ್ಳೆಯ ನಿದರ್ಶನ. 2003ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಯಕೃತ್ತಿನ ತಜ್ಞ ಡಾ. ಸಂಜೀವ್ ಅರೋರಾ ಅದನ್ನು ಆರಂಭಿಸಿದರು. ಹೆಪಟೈಟಿಸ್ ಸಿ ಎಂಬ ಯಕೃತ್ತಿನ ಸೋಂಕಿನ ರೋಗಿಗಳು ಅವರನ್ನು ಕಾಣಲು ತಿಂಗಳುಗಟ್ಟಲೆ ಕಾಯುತ್ತಿದ್ದರು. ಅವರು ವಿಡಿಯೊ ಮೂಲಕ ಊರೂರಿನ ವೈದ್ಯರ ಜೊತೆ ವಾರವಾರವೂ ಕೂತು, ಒಂದೊಂದೇ ರೋಗಿಯ ವಿಷಯ ಚರ್ಚಿಸಿ ಕಲಿಸಿದರು. 2011ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಆ ಊರುಗಳ ಚಿಕಿತ್ಸೆ ವಿಶ್ವವಿದ್ಯಾಲಯದ ಚಿಕಿತ್ಸೆಗೆ ಸರಿಸಮನಾಗಿತ್ತು. ನನಗೆ ಇದರಲ್ಲಿ ಮುಖ್ಯವೆನಿಸುವುದು ವಾರಕ್ಕೊಮ್ಮೆ ಸಹೋದ್ಯೋಗಿಗಳ ಮುಖ ಕಾಣುವುದು. ನಾನು ಮೊದಲ ಊರು ಬಿಟ್ಟದ್ದು ಆ ಮುಖಗಳಿಲ್ಲದೆ.

ಮೂರನೆಯದು, ರಜೆ. ನೇಮಕಾತಿ ಪತ್ರದಲ್ಲೇ ರಜೆಯ ದಿನಗಳನ್ನೂ, ಆ ದಿನಗಳಿಗೆ ಬದಲಿ ವೈದ್ಯರನ್ನು ಕರೆಸುವ ಹೊಣೆ ನೇಮಕ ಮಾಡುವ ಊರಿನ ಸಮಿತಿಯದು ಎಂಬುದನ್ನೂ ಬರೆಯಿರಿ.


ಲೆಕ್ಕದ ಪುಸ್ತಕ

ಇಬ್ಬರಿಗೆ ಹಂಚಿದರೆ ಖರ್ಚು ಹೆಚ್ಚು ಎಂದು ಸಮಿತಿಗಳು ಹಿಂಜರಿಯುತ್ತವೆ. ವೈದ್ಯರು ಬಿಟ್ಟು ಹೋದಾಗ ಆಗುವ ಖರ್ಚನ್ನೂ ಅದೇ ಪುಟದಲ್ಲಿ ಬರೆಯಿರಿ ಎಂದು ನಾನು ಹೇಳುತ್ತೇನೆ. ಮತ್ತೆ ಜಾಹೀರಾತು, ಮಧ್ಯದ ತಿಂಗಳುಗಳಲ್ಲಿ ದುಬಾರಿ ತಾತ್ಕಾಲಿಕ ವೈದ್ಯರು, ದೂರದ ಆಸ್ಪತ್ರೆಗೆ ಹೋಗುವ ಪ್ರತಿ ರೋಗಿಯ ಪ್ರಯಾಣ ಮತ್ತು ಕೂಲಿ ನಷ್ಟ. ಕೊನೆಯದು ಯಾರ ಲೆಕ್ಕದಲ್ಲೂ ಬರುವುದಿಲ್ಲ, ಏಕೆಂದರೆ ಅದನ್ನು ತೆರುವವರು ರೋಗಿಗಳು.

ವೇಲ್ಸ್‌ನ ಗ್ಲಿನ್‌ಕಾರಗ್ ಎಂಬ ಕಲ್ಲಿದ್ದಲು ಗಣಿಯ ಹಳ್ಳಿಯಲ್ಲಿ ದಶಕಗಳ ಕಾಲ ಕುಟುಂಬ ವೈದ್ಯರಾಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲೇ ಬರೆದಿದ್ದರು: ಒಳ್ಳೆಯ ವೈದ್ಯಕೀಯ ಸೇವೆ ಯಾರಿಗೆ ಹೆಚ್ಚು ಬೇಕೋ ಅವರಿಗೇ ಕಡಿಮೆ ಸಿಗುತ್ತದೆ, ಮಾರುಕಟ್ಟೆಗೆ ಬಿಟ್ಟಷ್ಟೂ ಇದು ಹದಗೆಡುತ್ತದೆ. ಅದೇ ಹಳ್ಳಿಯಲ್ಲಿ ಅವರು ಕಾಯಿಲೆಯೆಂದು ಬಂದವರನ್ನಷ್ಟೇ ಅಲ್ಲದೆ ಊರಿನ ಎಲ್ಲ ವಯಸ್ಕರ ಬಿಪಿಯನ್ನೂ ಹುಡುಕಿಕೊಂಡು ಹೋಗಿ ಅಳೆದರು. ಊರಿನಲ್ಲಿ ಬೇರುಬಿಟ್ಟ ವೈದ್ಯರಿಗಲ್ಲದೆ ಇನ್ನಾರಿಗೆ ಅದು ಸಾಧ್ಯ?


ಹೊಸ ಬಾಗಿಲು

ಎಲ್ಲರಿಗೂ ಧನ್ಯವಾದ. ಮುಂದಿನ ಸಭೆಗೆ ನಾನು ಒಯ್ಯುತ್ತಿರುವ ಕರಡು ಇಷ್ಟು. ಅಕ್ಕಪಕ್ಕದ ಊರುಗಳ ಸಮಿತಿಗಳಿಗೆ ಪತ್ರ ಬರೆದು ರಾತ್ರಿ ಪಾಳಿಯನ್ನು ಒಟ್ಟಾಗಿ ನಡೆಸುವ ಬಗ್ಗೆ ಕೇಳುವುದು. ಹುದ್ದೆಯನ್ನು ಇಬ್ಬರಿಗೆ ಹಂಚಲು ಅವಕಾಶ ಕೊಟ್ಟು ಜಾಹೀರಾತನ್ನು ಹೊಸದಾಗಿ ಬರೆಯುವುದು. ಬದಲಿ ವೈದ್ಯರ ಹೊಣೆ ಸಮಿತಿಗೆ. ಸಂದರ್ಶನಕ್ಕೆ ಇಡೀ ಕುಟುಂಬವನ್ನು ಕರೆದು, ಸಂಗಾತಿಯ ಕೆಲಸದ ಬಗ್ಗೆ ಮೊದಲೇ ವಿಚಾರಿಸಿಡುವುದು. ಬಂದು ಮೂರು ತಿಂಗಳಾದಾಗ, ಆಮೇಲೆ ವರ್ಷಕ್ಕೊಮ್ಮೆ, ವೈದ್ಯರನ್ನೂ ದಾದಿಯರನ್ನೂ ಕೂರಿಸಿಕೊಂಡು ಏನು ಕಷ್ಟವಾಗುತ್ತಿದೆ ಎಂದು ಕೇಳುವುದು. ರಾಜೀನಾಮೆ ಪತ್ರ ಬಂದ ಮೇಲೆ ಕೇಳಿ ಪ್ರಯೋಜನವಿಲ್ಲ.

ಕೊನೆಯ ವರ್ಷದವರೇ, ವಿದ್ಯಾರ್ಥಿಗಳಿಗೆ ಕೋಣೆಯ ವ್ಯವಸ್ಥೆಯನ್ನು ನಾನೇ ವಹಿಸಿಕೊಳ್ಳುತ್ತೇನೆ. ಆದರೆ ಕಲಿಸಲು ಒಬ್ಬ ಖಾಯಂ ವೈದ್ಯರು ಬರುವವರೆಗೆ ನಿಮ್ಮನ್ನು ಕರೆಸುವುದು ಸರಿಯಲ್ಲ. ಸ್ಟೆತಸ್ಕೋಪ್ ಅವರೇ, ನಿಮ್ಮ ಊರುಗಳ ಪಾಳಿ ಪಟ್ಟಿ ಮತ್ತು ಅದಕ್ಕೆ ಬರೆದುಕೊಂಡ ಒಪ್ಪಂದದ ನಮೂನೆಯನ್ನು ಹೆಸರುಗಳನ್ನು ತೆಗೆದು ಇಲ್ಲಿ ಹಾಕಲು ಸಾಧ್ಯವೇ?


ಸ್ಟೆತಸ್ಕೋಪ್

ಖಂಡಿತ. ನನ್ನ ಸಹೋದ್ಯೋಗಿಗಳನ್ನು ಒಂದು ಮಾತು ಕೇಳಿ ಈ ವಾರವೇ ಹಾಕುತ್ತೇನೆ. ಒಂದು ಸೂಚನೆ: ಯಾವ ಕಾಯಿಲೆಗೆ ವೈದ್ಯರನ್ನು ಎಬ್ಬಿಸಬೇಕು, ಯಾವುದನ್ನು ದಾದಿಯೇ ನೋಡಬಹುದು, ಯಾವುದಕ್ಕೆ ನೇರವಾಗಿ ಆಂಬುಲೆನ್ಸ್ ಕರೆಯಬೇಕು ಎಂಬ ಭಾಗಕ್ಕೆ ನಮಗೆ ಹೆಚ್ಚು ಸಮಯ ಹಿಡಿಯಿತು. ಅದನ್ನು ಪಾಳಿಯ ದಾದಿಯಂಥವರನ್ನು ಕೂರಿಸಿಕೊಂಡೇ ಬರೆಯಿರಿ.